ನಡುವೆ ಒಂದು ಬಿಲ್ಲೆ

ಶಿಡ್ಲಘಟ್ಟದ ನಮ್ಮ ಆರು ಬೇಸಿನ್ನಿನ ಶೆಡ್ಡಿಗೆ
ಆ ವಾರ ಮೂರನೇ ಸಲ ಲಡಿ ವಾಪಸು ಬಂತು.
ನೂಲಿಗೆ ಕಂದು ಹಿಡಿದಿದೆ ಅಂದರು,
ಎಲೆಯಡಿಕೆಯ ರಸ ಸಿಡಿದ ಹಾಗೆ.

ನೀರನ್ನು ಬೈದೆ. ಗೂಡನ್ನು ಬೈದೆ.
ಬೇಸಿನ್ನಿನ ಮುಂದೆ ಕೂತ ನಾರೆಮ್ಮನನ್ನೂ ಬೈದೆ.
ಅವಳು ಸುಮ್ಮನೆ ಬಾಯಿ ತೆರೆದು ತೋರಿಸಿದಳು:
ಹಸುಗೂಸಿನ ನಾಲಿಗೆಯಷ್ಟು ಶುದ್ಧ.

ಖಲಂದರ್ ಮೇಸ್ತ್ರಿ ಬಂದವನು
ನೂಲಿನ ಕಡೆ ತಿರುಗಲೂ ಇಲ್ಲ.
ಬಿಸಿನೀರಿನ ತೊಟ್ಟಿ ಬರಿದು ಮಾಡಿಸಿ
ಒಳಗಿಳಿದ, ಮೊಣಕಾಲೂರಿ.

ಅಪ್ಪನ ಕಾಲದ ಕಬ್ಬಿಣದ ತೊಟ್ಟಿ.
ಹೋದ ಉಗಾದಿಗೆ ನಾನೇ ಕೂರಿಸಿದ ತಾಮ್ರದ ಸುರುಳಿ,
ಬೇಗ ಕಾಯುತ್ತೆ, ಸೌದೆ ಉಳಿಯುತ್ತೆ ಅಂತ.
ಎರಡೂ ಮೈಗೆ ಮೈ ತಾಗಿದ ಕಡೆ
ಉಗುರು ಊರಿದರೆ ಕಬ್ಬಿಣ
ಚಹಾದಲ್ಲಿ ನೆಂದ ಬಿಸ್ಕತ್ತು.

"ಜಗಳ ಅಲ್ಲ ಇದು, ಸಾವ್ಕಾರ್ರೇ.
ಒಣಗಿದ್ರೆ ನೂರು ವರ್ಷ ಜೊತೇಲಿ ಇರ್ತಾವೆ.
ನೀರು ಬಂತಲ್ಲ, ಅದೂ ನಮ್ಮ ಸಾವಿರದಿನ್ನೂರು ಅಡಿ ಆಳದ್ದು,
ಆವಾಗ ಕಬ್ಬಿಣ ಕೊಡೋಕೆ ಶುರು ಮಾಡುತ್ತೆ.
ತಾಮ್ರ ಬೇಡ ಅನ್ನಲ್ಲ."

ಕಬ್ಬಿಣಕ್ಕೆ ಬಣ್ಣ ಬಳಿಸಿಬಿಡಲೇ, ಅಂದೆ.
ಡಬ್ಬಿ ಆಗಲೇ ತಂದಿಟ್ಟಿದ್ದೆ.

ನಕ್ಕ. "ಎಲ್ಲೋ ಒಂದು ಸೂಜಿಮೊನೆ ಬಿಟ್ಟುಹೋಗುತ್ತೆ.
ಇಷ್ಟು ತಾಮ್ರದ ಹಸಿವೆಲ್ಲ ಆ ಒಂದೇ ಚುಕ್ಕೆಗೆ.
ಆರು ತಿಂಗಳಿಗೆ ತೂತು.
ಬಳಿಯೋದಾದ್ರೆ ತಾಮ್ರಕ್ಕೆ ಬಳೀಬೇಕು.
ಬಳಿದ್ರೆ ಶಾಖ ಬಿಡಲ್ಲ. ಈಗ ಹೇಳಿ."

ನಾನೇನು ಹೇಳಲಿ.

ಚೀಲದಿಂದ ಒಂದು ಬಿಲ್ಲೆ ತೆಗೆದ,
ಕಪ್ಪಗೆ, ರೊಟ್ಟಿಯ ದಪ್ಪ.
ಎರಡು ಲೋಹದ ನಡುವೆ ಇಟ್ಟ.
ಮುಗಿಯಿತೇ ಅಂದರೆ ಮುಗಿದಿರಲಿಲ್ಲ.
ಪ್ರತಿ ಬೋಲ್ಟಿಗೂ ನೈಲಾನಿನ ಅಂಗಿ ತೊಡಿಸಿದ,
ತಲೆಯಡಿ ಒಂದು ವಾಷರು, ನಟ್ಟಿನಡಿ ಇನ್ನೊಂದು.
"ಗೋಡೆ ಕಟ್ಟಿ ಹಿತ್ತಲ ಬಾಗಿಲು ಮರೀತಾರೆ ಜನ.
ಬೋಲ್ಟೇ ಹಿತ್ತಲ ಬಾಗಿಲು."

ಮೀಟರಿನ ಎರಡು ಕಡ್ಡಿ ಹಿಡಿದ.
ತಾಮ್ರಕ್ಕೊಂದು, ಕಬ್ಬಿಣಕ್ಕೊಂದು.
ಮೊದಲ ಸಲ ಕುಂಯ್ ಅಂತು.
ಬಿಚ್ಚಿದ. ನಾಲ್ಕನೇ ಬೋಲ್ಟಿನ ಅಂಗಿ ಹರಿದಿತ್ತು.
ಹೊಸದು ತೊಡಿಸಿ ಮತ್ತೆ ಇಟ್ಟ.

ಇಡೀ ಶೆಡ್ಡು ಕಿವಿಯಾಗಿ ನಿಂತಿತ್ತು.
ಮೀಟರು ಕೂಗಲಿಲ್ಲ.
ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದ.
ಕೂಗಲಿಲ್ಲ.

ಹತ್ತು ದಿನಕ್ಕೆ ಲಡಿ ಹೋಯಿತು, ವಾಪಸು ಬರಲಿಲ್ಲ.
ನಾರೆಮ್ಮನಿಗೆ ಏನೋ ಹೇಳಬೇಕೆಂದು
ಬೇಸಿನ್ನಿನ ಬಳಿ ಹೋಗಿ ನಿಂತೆ.
ನೂಲಿನ ಎಳೆ ಹಿಡಿದು ತಲೆಯೆತ್ತಿದಳು.

ಬೇಕೆಂತಲೇ, ಅವತ್ತು,
ಬಾಯ್ತುಂಬ ಎಲೆಯಡಿಕೆ.