ಮರೆವಿಗೆ ಎರಡು ಸಜ್ದಾ

ಹೊನ್ನಾವರದಲ್ಲಿ ಕಿಬ್ಲಾ ಅಂದರೆ ಕಡಲು.
ಮಸೀದಿಗೆ ಗೋಡೆಯಿಲ್ಲದಿದ್ದರೆ
ದಿನಕ್ಕೆ ಐದು ಹೊತ್ತು ನಾವು ಬಾಗುವುದು
ಉಪ್ಪುನೀರಿಗೇ ಎಂದುಕೊಂಡಾರು ಪರದೇಶಿಗಳು.

ನಾನು ಖಾಜಿ ಶರಫುದ್ದೀನರ ಬರಹದವನು.
ಜೊಂಡಿನ ಲೇಖನಿ ಚೂಪು ಮಾಡುವುದು,
ಮಸಿಗೆ ನೊಣ ಬೀಳದಂತೆ ಕಾಯುವುದು,
ಹೇಳಿದ್ದಷ್ಟನ್ನೇ ಬರೆಯುವುದು.

ಆ ಸೋಮವಾರ ಲುಕ್ಮಾನನ ಅಣ್ಣಂದಿರು ಬಂದರು.
ಅದನ್‌ಗೆ ಮೆಣಸು ಹೇರಿಕೊಂಡು ಹೋದ ಹಡಗು
ಐದು ಮಳೆಗಾಲ ಕಳೆದರೂ ಅಳಿವೆ ಹೊಕ್ಕಿಲ್ಲ.
"ಸತ್ತನೆಂದು ಬರೆದುಕೊಡಿ, ಪಾಲಾಗಲಿ.
ಮಕ್ಕಳಿಲ್ಲ. ಹೆಂಡತಿಗೆ ನಾಲ್ಕರಲ್ಲೊಂದು."
ಲೆಕ್ಕ ಸರಿಯಿತ್ತು. ಕೇಳಿ ತಿಳಿದುಕೊಂಡೇ ಬಂದಿದ್ದರು.

ಖಾಜಿ ಕಿತಾಬು ತೆರೆದರು, ಮುಚ್ಚಿದರು.
"ಹೆಣ ಕಂಡವರುಂಟೆ? ಒಂದು ಹಲಗೆ?
ಇಲ್ಲವಾದರೆ ನಮ್ಮ ದಾರಿಯಲ್ಲಿ ಕಾಯಬೇಕು."
ಆಮೇಲೆ ಬಾಗಿಲ ಕಡೆ ತಿರುಗಿ, ಮೆಲ್ಲಗೆ:
"ನಾಲ್ಕು ವರ್ಷ ಸಾಕೆನ್ನುವ ಇಮಾಮರೂ ಇದ್ದಾರೆ, ಮಗಳೇ.
ಬೇಕಿದ್ದರೆ ಹೇಳು."

ಬಾಗಿಲ ಮರೆಯಿಂದ ಜುವೈರಿಯಾ ಅಂದಳು:
"ಅದಲ್ಲ ನನ್ನ ಮಾತು.
ಮೊಳೆಯಿಲ್ಲದ ಹಡಗು ಅದು, ಹೊಲಿದದ್ದು.
ಹುರಿ ಹೊಸೆದವಳು ನಾನು.
ಸಿಪ್ಪೆಯನ್ನು ಹೊಳೆಯಲ್ಲಿ ಕೊಳೆಹಾಕಿ, ಬಡಿದು,
ತೊಡೆಯ ಮೇಲೆ ಉರುಳಿಸಿ.
ಕೊನೆಯ ಎರಡು ಮಾರು ಹೊಸೆದದ್ದು ಜ್ವರದಲ್ಲಿ.

ಈಗ ನಮಾಜಿಗೆ ನಿಂತರೆ ಎದುರಿಗೇ ಕಡಲು.
ಸೂರಾ ನಾಲಿಗೆಯಲ್ಲಿ, ಕಣ್ಣು ಬರುವ ಹಾಯಿಗಳಲ್ಲಿ.
ರಕಾತ್ ಎಷ್ಟಾಯಿತೋ ತಿಳಿಯುವುದಿಲ್ಲ.
ಇದು ನಮಾಜೋ, ಬರೀ ಕಾಯುವುದೋ?
ಐದು ವರ್ಷದ್ದನ್ನೂ ತಿರುಗಿ ಮಾಡಲೆ?"

ಅಣ್ಣಂದಿರಲ್ಲಿ ಒಬ್ಬ ಕೆಮ್ಮಿದ.
ಖಾಜಿ ಈ ಸಲ ಕಿತಾಬು ಮುಟ್ಟಲಿಲ್ಲ.
"ಎಣಿಕೆ ತಪ್ಪಿದವರು ಕಡಿಮೆಯದನ್ನೇ ಹಿಡಿದು ಮುಗಿಸಲಿ.
ಕೊನೆಗೆ ಮರೆವಿಗೆಂದು ಎರಡು ಸಜ್ದಾ.
ತಿರುಗಿ ಮಾಡಬೇಕಿಲ್ಲ. ಬರಿ," ಎಂದರು.
ಬರೆದೆ.
ಹುರಿಯ ಬಗ್ಗೆಯೂ ಏನಾದರೂ ಹೇಳಿಯಾರೆಂದು
ಲೇಖನಿ ಎತ್ತಿ ಹಿಡಿದೇ ಕೂತೆ.
ತುದಿಯಲ್ಲಿ ಮಸಿ ಒಣಗಿತು.

ಅಂದು ಅಸರ್‌ಗೆ ಮುಂದೆ ನಿಂತವರು ಅವರೇ.
ಇಳಿತದ ಹೊತ್ತು, ಕಿಟಕಿಯಲ್ಲಿ ಕೆಸರಿನ ವಾಸನೆ.
ನಾಲ್ಕು ಮುಗಿಸಿ ಕೂರಬೇಕಾದವರು
ಐದನೆಯದಕ್ಕೆ ಎದ್ದು ನಿಂತರು.
ಹಿಂದಿನ ಸಾಲಿನಿಂದ ಯಾರೋ 'ಸುಬ್‌ಹಾನಲ್ಲಾ' ಎಂದರು.
ನಲವತ್ತು ವರ್ಷ ತಪ್ಪದವರು
ಗೋಡೆಯ ಕಡೆಗೇ ಮುಖವಿಟ್ಟು ಮೆಲ್ಲನೆ ಕುಸಿದು ಕೂತರು.

ಅವರ ಜೊತೆ ನಾವೂ ಹಣೆ ಊರಿದೆವು,
ಎರಡು ಸಲ, ಲೆಕ್ಕಕ್ಕಿಂತ ತುಸು ಹೆಚ್ಚು ಹೊತ್ತು.
ಆ ಚಾಪೆಯೂ ನಾರಿನದೇ.
ಎದ್ದಾಗ ನೋಡಿದೆ:
ಖಾಜಿಯದು, ಅಣ್ಣಂದಿರದು,
ಎಲ್ಲರ ಹಣೆಯ ಮೇಲೂ
ಯಾರೋ ಹೊಸೆದ ಹುರಿಯ ಅಚ್ಚು.