ಒಂದು ಹಿಡಿ ಹಳೇ ಹುಲ್ಲು

ಕಾವೇರಿ ನೀರು ದಿನ ಬಿಟ್ಟು ದಿನ,
ಬೆಳಗಿನ ಜಾವ ನಾಲ್ಕೂವರೆಗೆ.
ಕಾಮಾಕ್ಷಿಪಾಳ್ಯದ ಲೇತುಗಳು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ.
ಸಂಪಿನ ಬಾಯಲ್ಲಿ ಗುಳುಗುಳು ಕೇಳಿದ್ದೇ
ನಾನು ಬಕೆಟ್ಟು, ಬ್ರಷ್ಷು, ಅರ್ಧ ಬಾಟಲಿ ವಿನೆಗರ್ ಹಿಡಿದು
ತಾರಸಿಗೆ.

ಗೂಡು ನಾನೇ ಮಾಡಿದ್ದು:
ಫ್ಯಾಕ್ಟರಿಯಲ್ಲಿ ರಿಜೆಕ್ಟಾದ ಜಾಲರಿ, ಯಾರೋ ಎಸೆದ ಮಂಚದ ಕಾಲು.
ಬರೀ ತಂತಿಯ ಮೇಲೆ ನಿಂತರೆ ಪಾದ ಹುಣ್ಣಾಗುತ್ತದೆಂದು
ಒಂದು ಹಲಗೆ.
ಹಲಗೆಯ ಮೇಲೆ ಇಬ್ಬರು, ಚಿರೋಟಿ ಮತ್ತು ಬೂದಿ.
ಹೆಸರು ಮಗಳದು, ಕೆಲಸ ನನ್ನದು.
'ಅಪ್ಪಾ, ದಿನಾ ನಾನೇ ಗುಡಿಸ್ತೀನಿ' ಅಂದಿದ್ದಳು.
ಒಂಬತ್ತು ದಿನ ಗುಡಿಸಿದಳು.
ಸುಳ್ಳು ಹೇಳಬಾರದು, ಹತ್ತು.

ಮೊದಲು ಹಿಕ್ಕೆ.
ಕಡಲೆಕಾಳಿನ ಹಾಗೆ ದುಂಡಗೆ, ಬಿಡಿಬಿಡಿಯಾಗಿದ್ದರೆ
ಹೊಟ್ಟೆ ಸರಿಯಿದೆ.
ಡಾಕ್ಟರು ನಾಡಿ ಹಿಡಿದು ನೋಡುವುದನ್ನು
ನಾನು ಪೊರಕೆ ಹಿಡಿದು ನೋಡುತ್ತೇನೆ.
ಗುಡ್ಡೆ ಮಾಡಿದ್ದು ಕೆಳಗಿನ ಮನೆಗೆ,
ಓನರ್ ಮುನಿಲಕ್ಷ್ಮಮ್ಮನ ಗುಲಾಬಿ ಕುಂಡಕ್ಕೆ.
ಲಂಚ ಅನ್ನಿ.

ಆಮೇಲೆ ಮೂಲೆ.
ಮೊಲಕ್ಕೂ ಮರ್ಯಾದೆಯಿದೆ, ಇಡೀ ಗೂಡಿನಲ್ಲಿ
ಒಂದೇ ಮೂಲೆ ಅದರ ಬಚ್ಚಲು.
ಅಲ್ಲಿ ತಗಡಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಹಕ್ಕಳೆ,
ನೀರಿಗೆ ಬಗ್ಗದು, ಸೋಪಿಗೆ ನಗುತ್ತದೆ.
ವಿನೆಗರ್ ಸುರಿದು, ಮೆಟ್ಟಿಲಿಗೆ ಬಂದು
ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನಿದ್ದರೆ
ತಾನೇ ಬಿಡುತ್ತದೆ,
ಬಾಡಿಗೆ ಬಾಕಿಯಿದ್ದವನು ಊರು ಬಿಟ್ಟಂತೆ, ಸದ್ದಿಲ್ಲದೆ.

ತೊಳೆದಾಯಿತೆಂದು ಎದ್ದುಬಿಡಬಾರದು.
ಮೂಗನ್ನು ಮೊಲದ ಎತ್ತರಕ್ಕೆ ಇಳಿಸಿ
ಒಮ್ಮೆ ಉಸಿರೆಳೆದುಕೊಳ್ಳಬೇಕು.
ನನ್ನ ಕಣ್ಣು ಉರಿಯಿತೆಂದರೆ
ಅವುಗಳ ಎದೆ ಉರಿಯಲು ಶುರುವಾಗಿ
ಎಷ್ಟು ದಿನವಾಯಿತೋ.

ತಗಡು ಬಿಸಿಲಿಗೆ ಒರಗಿಸಿ, ಒಣಗಿದ ಮೇಲೆ ಹಳೇ ಪೇಪರ್ ಹಾಸುತ್ತೇನೆ.
ಚಿನ್ನದ ದರ. ವರ ಬೇಕಾಗಿದ್ದಾನೆ.
ಭೋಗ್ಯಕ್ಕಿದೆ, ಎರಡು ಬೆಡ್‌ರೂಮು, ಸಸ್ಯಾಹಾರಿಗಳಿಗೆ ಮಾತ್ರ.
ಬೂದಿ ಮೊದಲು ಅದನ್ನೇ ಕಚ್ಚಿ ಹರಿಯುತ್ತದೆ,
ತಾನು ಸಸ್ಯಾಹಾರಿಯೇ ಆದರೂ.

ಹೋದ ಆಯುಧಪೂಜೆಗೆ ನನಗೆ ಹುಮ್ಮಸ್ಸು ಬಂದುಬಿಟ್ಟಿತು.
ಸ್ಪ್ಯಾನರು, ಸ್ಕೂಟರು ತೊಳೆದ ಕೈಯಲ್ಲೇ ಗೂಡನ್ನೂ
ಫಿನಾಯ್ಲು ಹಾಕಿ ಉಜ್ಜಿದೆ,
ಹುಲ್ಲಿನ ಕಡ್ಡಿಯೂ ಬಿಡದೆ ಬದಲಿಸಿದೆ, ಬಾಗಿಲಿಗೆ ಕುಂಕುಮ ಇಟ್ಟೆ.
ಚಿರೋಟಿ ಒಳಗೆ ಹೋಗಲಿಲ್ಲ.
ರಾತ್ರಿಯಿಡೀ ನೀರಿನ ಟ್ಯಾಂಕಿನ ಹಿಂದೆ ಕೂತು
ಹಿಂಗಾಲು ಬಡಿಯಿತು. ದಪ್. ದಪ್.
ಕೊತ್ತಂಬರಿ ಕಟ್ಟನ್ನೂ ಮೂಸಲಿಲ್ಲ.

ಮಾರನೇ ದಿನ ಮೇವು ತರುವ ಗಂಗಹನುಮಯ್ಯ
ಗೂಡೊಳಗೆ ತಲೆ ಹಾಕಿ ಹೊರಗೆ ತೆಗೆದ.
'ಎಲ್ಲಾ ತೊಳೆದುಬಿಟ್ರಾ?
ಒಣಗಿರೋ ಕಡೆಯಿಂದ ಒಂದು ಹಿಡಿ ಹಳೇ ಹುಲ್ಲು ಉಳಿಸ್ಬೇಕು ಸ್ವಾಮಿ.
ಇಲ್ದಿದ್ರೆ ಅದಕ್ಕೆ ಇದು ಬೇರೆಯೋರ ಮನೆ.'

ಈ ಊರಲ್ಲಿ ನಾವು ಏಳು ಮನೆ ಬಿಟ್ಟಿದ್ದೇವೆ.
ಲಗ್ಗೆರೆಯ ಗೋಡೆಯಲ್ಲಿ ನಾನು ತಲೆಯೊರಗಿಸಿ ಕೂರುತ್ತಿದ್ದ ಕಡೆ
ಹರಳೆಣ್ಣೆಯ ಒಂದು ವೃತ್ತವಿತ್ತು.
ಅದಕ್ಕೆಂದೇ ಪೇಂಟಿಂಗ್ ಲೆಕ್ಕದಲ್ಲಿ
ಒಂದು ತಿಂಗಳ ಅಡ್ವಾನ್ಸು ಮುರಿದುಕೊಂಡರು.
ಹೊಸ ಮನೆಗೆ ಹೋದಾಗಲೆಲ್ಲ ಪುಟ್ಟತಾಯಿ
ಹಾಲುಕ್ಕಿಸುವ ಮೊದಲೇ
ಒಗೆಯದ ದುಪ್ಪಟಿಯೊಂದನ್ನು ನೆಲಕ್ಕೆ ಹಾಸಿ
ಮಗಳನ್ನು ಅದರ ಮೇಲೆ ಕೂರಿಸುತ್ತಿದ್ದಳು.
ನಾನು ಗದರುತ್ತಿದ್ದೆ, ಏಳು ಸಲವೂ:
ಹೊಸ ಮನೆಗೆ ಕೊಳೆ ಬಟ್ಟೆ ಯಾಕೆ ತರ್ತೀಯ?
ಅವಳು ಉತ್ತರ ಕೊಟ್ಟ ನೆನಪಿಲ್ಲ.

ಈಗ ಎಲ್ಲ ತೊಳೆದ ಮೇಲೆ
ಬೇರೆ ತೆಗೆದಿಟ್ಟ ಹಿಡಿ ಹುಲ್ಲನ್ನು ಮೂಲೆಗೆ ಸುರಿಯುತ್ತೇನೆ.
ಚಿರೋಟಿ ಬಂದು ಮೂಸುತ್ತದೆ,
ಗದ್ದ ಉಜ್ಜುತ್ತದೆ ಹಲಗೆಗೆ,
ಕಾಲು ಚಾಚಿ ಅಡ್ಡಾಗುತ್ತದೆ.
ನಾನೂ ಅಲ್ಲೇ ತುಸು ಕೂರುವವನಿದ್ದೆ.

ಕೆಳಗಿಂದ ಮುನಿಲಕ್ಷ್ಮಮ್ಮ:
'ಯಾರ್ರೀ ಅದು ಮೇಲೆ, ಟ್ಯಾಂಕ್ ತುಂಬಿ ಹರೀತಿದೆ,
ಮೋಟರ್ ಆರಿಸ್ರೀ!'