ಮೂರು ನಕಲು

ಹೆಸರು ಲೇಕ್‌ವ್ಯೂ ಮಾಲ್.
ಸರೋವರ ಇರುವುದು ಹೆದ್ದಾರಿಯ ಆಚೆ, ನಾಲ್ಕು ಮೈಲಿ;
ಇಲ್ಲಿನ ಯಾವ ಗಾಜಿಗೂ ಅದು ಎಂದೂ ಕಂಡದ್ದಿಲ್ಲ.
ಕಟ್ಟಿದವರು ಕ್ಲೀವ್‌ಲ್ಯಾಂಡಿನವರು, ನಕ್ಷೆ ನೋಡಿ ಹೆಸರಿಟ್ಟಿರಬೇಕು
ಅನ್ನುತ್ತಾಳೆ ಲೊರೇನ್ ಪಕುಲ್ಸ್ಕಿ,
ಮೂವತ್ತೊಂದು ವರ್ಷದಿಂದ ಎಸ್ಕಲೇಟರಿನ ಬುಡದಲ್ಲಿ
ಬೀಗದ ಕೈ ಕೊರೆಯುವವಳು.

ಆಗೆಲ್ಲ ಶನಿವಾರ
ಕಾರು ನಿಲ್ಲಿಸಲು ಜಾಗ ಸಿಗದೆ ಗಂಡ ಹೆಂಡಿರು ಜಗಳವಾಡುತ್ತಿದ್ದರು.
ಗಿಯರ್ ಫ್ಯಾಕ್ಟರಿಯ ಸಂಬಳದ ಕವರು
ಮನೆ ಕಾಣುವ ಮೊದಲೇ ಇಲ್ಲಿ ಬಾಯಿ ಬಿಡುತ್ತಿತ್ತು.
ಕಿವಿ ಚುಚ್ಚುವ ಅಂಗಡಿಯಿಂದ
ಒಂದು ಚೀರು, ಮರುಗಳಿಗೆ ಒಂದು ನಗು.
ಬೀಗುತ್ತಿತ್ತು ಕಟ್ಟಡ.
ಬೀಗಿದ್ದಕ್ಕೆ ಬೀಗ ಬೀಳಲು
ಬಹಳ ಹೊತ್ತೇನೂ ಹಿಡಿಯಲಿಲ್ಲ.

ಮೊದಲು ಹೋದದ್ದು ಪುಸ್ತಕದಂಗಡಿ.
ಯಾರೂ ಅಷ್ಟಾಗಿ ಗಮನಿಸಲಿಲ್ಲ.
ಆಮೇಲೆ ಬೂಟು, ಆಮೇಲೆ ಆಟಿಕೆ,
ಆಮೇಲೆ ಪೂರ್ವದ ತುದಿಯ ಮೂರಂತಸ್ತಿನ ದೊಡ್ಡ ಮಳಿಗೆ.
ಅದು ಹೋದ ದಿನ ಗೊಂಬೆಗಳನ್ನೂ ಮಾರಿದರು,
ಕೈ ಬೇರೆ, ಕಾಲು ಬೇರೆ, ತೂಕಕ್ಕೆ ಹಾಕಿದ ಹಾಗೆ.
ಲೊರೇನ್ ಒಂದು ಕೈ ಕೊಂಡಳು, ಎರಡು ಡಾಲರಿಗೆ.
ಅದರ ಬೆರಳಿಗೆ ಈಗ ಇನ್ನೂ ಕೊರೆಯದ ಬೀಗದ ಕೈಗಳ ಗೊಂಚಲು:
ಕೈಗೆ ಕೈ.

ಎಸ್ಕಲೇಟರ್ ನಿಂತಿತು. ರಿಪೇರಿಗೆ ಬಂದವನು
ಬಿಡಿಭಾಗ ಸಿಗುವುದಿಲ್ಲ ಎಂದ.
ಅಂದಿನಿಂದ ಅದು ಮೆಟ್ಟಿಲು,
ಮೆಟ್ಟಿಲಿಗಿಂತ ತುಸು ಎತ್ತರವಾಗಿ ಮಂಡಿಗೆ ಮೋಸ ಮಾಡುವ ಮೆಟ್ಟಿಲು.
ಚಾವಣಿಯ ಗಾಜು ಸೋರಿ ನೆಲಕ್ಕೆಲ್ಲ ಹನ್ನೊಂದು ಬಕೀಟು.
ರಾತ್ರಿ ಪಾಳಿಯ ಡಾರ್ನೆಲ್ ಒಂದೊಂದರ ದನಿಯನ್ನೂ ಬಲ್ಲ:
"ಏಳನೆಯದು ತುಂಬಿತು" ಎನ್ನುತ್ತಾನೆ, ಕುರ್ಚಿ ಬಿಟ್ಟೇಳದೆ.

ಆದರೂ ಬೆಳಿಗ್ಗೆ ಏಳಕ್ಕೆ ನಡೆಯುವವರು ಬರುತ್ತಾರೆ.
ಹೊರಗೆ ಸೊಂಟದುದ್ದ ಹಿಮ; ಒಳಗೆ ಜಾರದ ನೆಲ.
ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಬರ್ನಾರ್ಡ್,
ಅವನಿಗಿಂತ ಅರ್ಧ ಸುತ್ತು ಮುಂದೆ, ಸದಾ ಮುಂದೆ,
ಅವನನ್ನು ಬಿಟ್ಟ ಹೆಂಡತಿ ಯೂನಿಸ್.
ಏನನ್ನೂ ಕೊಳ್ಳುವುದಿಲ್ಲ.
ಮುಚ್ಚಿದ ಅಂಗಡಿಗಳನ್ನು ಮಾತ್ರ ಇದ್ದ ಹಾಗೆಯೇ ಕರೆಯುತ್ತಾರೆ:
"ಸ್ವೆಟರ್ ಹತ್ತಿರ ಕೂತಿರು." "ಐಸ್‌ಕ್ರೀಮ್ ದಾಟಿದೆ, ಬಾ."

ನಗರಸಭೆಗೆ ನೀಲನಕ್ಷೆಗಳು ಬಂದವು, ಹೋದವು.
ಕ್ಯಾಸಿನೋ ಎಂದರು. ಗೋದಾಮು ಎಂದರು.
ಕೆಡವಿ ಹುಲ್ಲು ಹಾಕೋಣ ಎಂದನೊಬ್ಬ; ಚಪ್ಪಾಳೆ ಬಿದ್ದದ್ದು ಅವನಿಗೆ.
ಕೊನೆಗೆ ಬಂದದ್ದು ಡಯಾಲಿಸಿಸ್ ಕೇಂದ್ರ,
ದೊಡ್ಡ ಮಳಿಗೆಯಲ್ಲಿ ಸೆಂಟು ಮಾರುತ್ತಿದ್ದ ಜಾಗಕ್ಕೆ.
ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ತಾಸು,
ಕಟ್ಟಡದೊಳಗೆ ರಕ್ತ ಸುತ್ತುತ್ತದೆ.
ಜೊತೆಗೆ ಬಂದವರಿಗೆ ಉಳಿಯುವುದು
ಅದೇ ನಾಲ್ಕು ತಾಸು, ಮತ್ತು ಹಸಿವು.

ಆ ಹಸಿವನ್ನು ಮೊದಲು ಕಂಡವಳು ನೋ ಮೂ ಪೋ.
ಬರ್ಮಾದ ಗಡಿಯಾಚೆ ಶಿಬಿರದಲ್ಲಿ ಹದಿನೇಳು ವರ್ಷ,
ಈ ಊರಿನ ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿ ಆರು.
ಪಿಜ್ಜಾದ ಹಳೆಯ ಫಲಕವನ್ನು ಇಳಿಸಲಿಲ್ಲ, ಏಣಿ ಬಾಡಿಗೆ ದುಬಾರಿ;
ಅದರ ಕೆಳಗೇ ಕುದಿಯಿತು ಶ್ಯಾವಿಗೆ ಹಾಕಿದ ಮೀನುಸಾರು.
ಬರ್ನಾರ್ಡ್ ಪಿಜ್ಜಾ ಕೇಳಿದ, ಬಟ್ಟಲು ಬಂತು.
ಖಾರಕ್ಕೆ ಮೂಗು ಸುರಿಯಿತು.
ಅರ್ಧ ಸುತ್ತು ಮುಂದಿದ್ದ ಯೂನಿಸ್ ಹಿಂದಿರುಗಿ ಬಂದು
ಕರವಸ್ತ್ರ ಕೊಟ್ಟಳು.
ಅಷ್ಟೆ. ಹೆಚ್ಚೇನೂ ಊಹಿಸಬೇಡಿ.

ನಿನ್ನೆ ಮೂ ಪೋ ಲೊರೇನಳ ಹತ್ತಿರ ಬಂದಳು.
ಶಟರಿನ ಬೀಗದ ಕೈ. ಮೂರು ನಕಲು:
ತನಗೆ, ಅತ್ತೆಗೆ, ಮತ್ತೊಂದು
ಇನ್ನೂ ಕೆಲಸಕ್ಕೆ ಸೇರದ ಯಾರಿಗೋ.
ಒಂಬತ್ತು ವರ್ಷದಲ್ಲಿ ಈ ಮಾಲಿನದೇ ಒಂದು ಬೀಗಕ್ಕೆ
ಲೊರೇನ್ ಯಂತ್ರ ಹಚ್ಚಿದ್ದು ಇದೇ ಮೊದಲು.
ಹಿತ್ತಾಳೆಯ ಚೂರು ಸಿಡಿದು ಕನ್ನಡಕಕ್ಕೆ ತಾಗಿತು.

ಎರಡು ಸಲೀಸಾಗಿ ತಿರುಗಿದವು.
ಮೂರನೆಯದು ಅರ್ಧಕ್ಕೆ ಕಚ್ಚಿಕೊಂಡಿತು.
"ಬೀಗ ಹಳೆಯದು" ಎಂದಳು ಲೊರೇನ್, ಅರಕ್ಕೆ ತಡಕುತ್ತ,
"ಇದಕ್ಕೆ ದುಡ್ಡು ಬೇಡ. ನಾಳೆ ಬಾ.
ಇನ್ನೊಂದು ಕೂದಲೆಳೆಯಷ್ಟು ಉಜ್ಜಬೇಕು."

ಅಲ್ಲೆಲ್ಲೋ ನಾಲ್ಕನೆಯ ಬಕೀಟಿಗೆ
ಹನಿ ಬೀಳುತ್ತಲೇ ಇತ್ತು.